ಕನಕರಾಜುವಿನ ಎರಡನೇ ಆಲ್ಬಂ

ಸ್ಪೀಕರಿನ ಬಾಯನ್ನು ಬೀದಿಯ ಕಡೆಗೆ ತಿರುಗಿಸಿ ತೆಂಗಿನಮರಕ್ಕೆ ಬಿಗಿಯುತ್ತಿದ್ದ ಮೈಕ್‌ಸೆಟ್ ದಿಲ್ಷಾದ್‌ಗೆ ಕೆಳಗಿನಿಂದ ಯಾರೋ, ಇನ್ನೂ ಸ್ವಲ್ಪ ಮೇಲಕ್ಕೆ ಕಟ್ಟು, ಪಕ್ಕದೂರಿಗೂ ಕೇಳಲಿ ಎಂದರು. ಯಾವ ಹಾಡು ಹಾಕಬೇಕೆಂದು ಮಾತ್ರ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ದೇವಲಾಪುರದ ಸುತ್ತಮುತ್ತ ಯಾರು ಸತ್ತರೂ ಹಾಕುವುದು ಕನಕರಾಜುವಿನ ‘ಒಲೆಯ ಕೆಂಡ ಆರಿತಣ್ಣ’ ಹಾಡನ್ನೇ. ಇವತ್ತು ಸತ್ತಿದ್ದವನು ಕನಕರಾಜುವೇ.

ದಿಲ್ಷಾದ್ ಇಳಿದು ಬಂದು ಗುಂಡಿ ಒತ್ತಿದ. ಜಗಲಿಯ ಮೇಲೆ ಮಲಗಿಸಿದ್ದ ಮನುಷ್ಯ ಮರದ ಮೇಲಿಂದ ತನ್ನ ಸಾವಿಗೆ ತಾನೇ ಹಾಡತೊಡಗಿದ. ಕೇಳಿದವರಿಗೆ ಒಂದು ಗಳಿಗೆ ಮೈ ಜುಮ್ಮೆಂದಿತು. ಆಮೇಲೆ ಅಭ್ಯಾಸಬಲದಿಂದ ಬೀಡಿ ಹಚ್ಚಿ ತೆಂಗಿನಕಾಯಿಯ ರೇಟು ಮಾತಾಡಲು ಶುರುಮಾಡಿದರು. ಎಷ್ಟೋ ಸಾವಿನಲ್ಲಿ ಕೇಳಿದ ಹಾಡು, ಇನ್ನೆಷ್ಟು ಹೊತ್ತು ಜುಮ್ಮೆಂದೀತು.

ಹೆಂಗಸರಿಗೆ ಬೇರೆಯದೇ ಚಿಂತೆ. ಹೆಂಡತಿ ಚಂದ್ರಕಲ ಅತ್ತಿರಲಿಲ್ಲ. ಆ ಕಡೆ ಸತ್ತವರನ್ನು ಹಾಡಿಕೊಂಡು ಅಳಬೇಕು. ಅವರ ಗುಣ, ಅವರು ಉಂಡ ತಟ್ಟೆ, ಉಟ್ಟ ಪಂಚೆ, ಎಲ್ಲವನ್ನೂ ರಾಗವೆಳೆದು ಹೇಳಬೇಕು. ಊರಿನ ಮದುವೆಗಳಲ್ಲೆಲ್ಲ ಸೋಬಾನೆ ಎತ್ತಿಕೊಡುವ ಗಂಟಲು ಚಂದ್ರಕಲಳದು. ಅಂಥವಳು ಗಂಡನ ತಲೆದೆಸೆಯಲ್ಲಿ ಬಾಯಿ ಬಿಗಿದು ಕೂತಿದ್ದಳು. ನೆರೆಮನೆಯ ಪಾರ್ವತಮ್ಮ ಅವಳ ಬೆನ್ನು ಸವರುತ್ತ, "ಅತ್ಬುಡವ್ವ, ಎದೇಲಿ ಮಡಿಕಬ್ಯಾಡ" ಎಂದಳು. ಚಂದ್ರಕಲ ಎದ್ದು ಮೈಕ್‌ಸೆಟ್ಟಿನ ಹತ್ತಿರ ಬಂದಳು.

"ದಿಲ್ಷಾದಣ್ಣ, ಈ ಆಡು ಊರೋರ್ದು," ಎಂದಳು. "ನಂದು ಬ್ಯಾರೆ ಅದೆ. ಅದ್ನಾಕು."

ದಿಲ್ಷಾದ್‌ಗೆ ಅರ್ಥವಾಯಿತು. ಚಟ್ಟ ಕಟ್ಟಿಸುತ್ತಿದ್ದ ಕನಕರಾಜುವಿನ ಅಣ್ಣ ಅಂದಾನಯ್ಯನಿಗೂ ಅರ್ಥವಾಯಿತು.

"ಸಾವಿನ್ ಮನೆ ಕಣಮ್ಮ," ಎಂದ ಅಂದಾನಯ್ಯ, ದನಿ ಏರಿಸದೆ. "ಗಂಡ ಎಂಡ್ತಿ ಆಡು ಆಕುದ್ರೆ ಜನ ನಗಾಕಿಲ್ವಾ? ಅದೂ ಆ ಮೂಗಿ ಆಡ."

ಮನೆಗೆ ಹಿರಿಯ ಅವನು. ದಿಲ್ಷಾದ್ ತಲೆ ತಗ್ಗಿಸಿ ಮೊದಲಿನ ಹಾಡನ್ನೇ ಮತ್ತೆ ಹಾಕಿದ.

*

ಕನಕರಾಜು ರಾಗಿ ಮಿಲ್ಲು ನಡೆಸುತ್ತಿದ್ದ. ಬೆಲ್ಟಿನ ಸದ್ದನ್ನೇ ತಾಳ ಮಾಡಿಕೊಂಡು ಹಾಡು ಕಟ್ಟುತ್ತಿದ್ದ. ಅಪ್ಪ ಸತ್ತಾಗ ಕಟ್ಟಿದ ಹಾಡುಗಳು ಮೊದಲ ಆಲ್ಬಂ ಆದವು, ನಾಗಮಂಗಲದಿಂದ ಪಾಂಡವಪುರದವರೆಗೂ ಮನೆಮಾತಾದವು. ಅದೇ ಅವನಿಗೆ ಮುಳುವಾಯಿತು. ಮದುವೆಗೆ ಹೋದರೆ ಊಟಕ್ಕೆ ಎಲ್ಲರಿಗಿಂತ ಮೊದಲು ಕೂರಿಸುತ್ತಿದ್ದರು, ಮೈಕಿನ ಹತ್ತಿರ ಮಾತ್ರ ಬಿಡುತ್ತಿರಲಿಲ್ಲ. ಅವನು ಬಾಯಿ ತೆರೆದರೆ ಜನಕ್ಕೆ ಸಾವೇ ನೆನಪಾಗುತ್ತಿತ್ತು.

ಬದುಕಿರುವವರಿಗೂ ಒಂದಷ್ಟು ಹಾಡುತ್ತೇನೆಂದು ಅವನು ಎರಡನೇ ಆಲ್ಬಂ ಹಿಡಿದ. ಎಲ್ಲವೂ ಜೋಡಿ ಹಾಡುಗಳು. ಗಂಡ ಕೇಳುವುದು, ಹೆಂಡತಿ ಉತ್ತರ ಹೇಳುವುದು. ಮದುವೆಯಾದ ಹೊಸತರಲ್ಲಿ ಇಬ್ಬರೂ ಕರಿಘಟ್ಟದ ಮೆಟ್ಟಿಲು ಹತ್ತುತ್ತ ಆಡಿದ ಮಾತುಗಳೇ ಅವು. ಹೆಂಡತಿಯ ಪಾಲಿಗೆ ಚಂದ್ರಕಲಳನ್ನು ಬಿಟ್ಟರೆ ಬೇರೆ ದನಿ ಅವನ ತಲೆಯಲ್ಲೇ ಇರಲಿಲ್ಲ.

ಶ್ರೀರಂಗಪಟ್ಟಣದ ಸ್ಟುಡಿಯೋ ಎಂದರೆ ಗೋಡೆಗೆ ರಗ್ಗು ಹೊಡೆದ ಒಂದು ಕೋಣೆ. ಆವತ್ತು ಹಾರ್ಮೋನಿಯಂ ಹೊತ್ತುಕೊಂಡು ದಿಲ್ಷಾದನೂ ಹೋಗಿದ್ದ. ಕಿವಿಗೆ ಹೆಡ್‌ಫೋನ್ ಹಾಕಿದ್ದೇ ತಡ, ಚಂದ್ರಕಲಳಿಗೆ ತನ್ನ ಉಸಿರೇ ದೊಡ್ಡದಾಗಿ ಕೇಳಿಸಿ ದಿಗಿಲಾಯಿತು. ಎತ್ತಿದ ಸಾಲು ಅರ್ಧಕ್ಕೇ ನಿಂತಿತು. ಮತ್ತೆ ಮತ್ತೆ ಹಾಡಲು ನೋಡಿ, ಬೆವೆತು, ಇನ್ನೊಂದು ದಿನ ಬರುತ್ತೇನೆಂದು ಹೊರಗೆ ಬಂದಳು. ಮೈಸೂರಿನಿಂದ ಒಬ್ಬ ಹುಡುಗಿಯನ್ನು ಕರೆಸಿದರೆ ಸಂಜೆಯೊಳಗೆ ಮುಗಿಯುತ್ತದೆ ಎಂದ ಸ್ಟುಡಿಯೋದವನು.

"ಅವ್ಳ ಜಾಗ ಅಂಗೇ ಬುಡಿ," ಎಂದ ಕನಕರಾಜು. "ಅವ್ಳೇ ಬಂದ್ ಆಡ್ತಾಳೆ."

ಆ ಇನ್ನೊಂದು ದಿನ ಬರಲೇ ಇಲ್ಲ. ರಾಗಿ ಕೊಯ್ಲಾಗಲಿ ಎಂದಳು, ಮಗಳ ಬಾಣಂತನ ಮುಗಿಯಲಿ ಎಂದಳು. ಅವನು ಕಾದು ಕಾದು, ಆಲ್ಬಮ್ಮನ್ನು ಇದ್ದ ಹಾಗೆಯೇ ಯೂಟ್ಯೂಬಿಗೆ ಬಿಟ್ಟ. ಗಂಡ ಕೇಳುತ್ತಾನೆ, ಹಾರ್ಮೋನಿಯಂ ಒಂದೇ ನುಡಿಯುತ್ತಿರುತ್ತದೆ, ಉತ್ತರವಿಲ್ಲ. ಊರಿನ ಹೈಕಳು ಅದಕ್ಕೆ ಮೂಗಿ ಹಾಡು ಎಂದು ಹೆಸರಿಟ್ಟರು. ಅವನು ಅದನ್ನು ತೆಗೆಯಲಿಲ್ಲ, ಬೇರೆಯವರಿಂದ ತುಂಬಿಸಲೂ ಇಲ್ಲ. ಹಾಡು ಎಂದು ಒತ್ತಾಯ ಮಾಡುವುದನ್ನೂ ನಿಲ್ಲಿಸಿದ. ಅವನು ಮಿಲ್ಲಿಗೆ ಹೋದ ಮೇಲೆ ಚಂದ್ರಕಲ ಅಡುಗೆಮನೆಯಲ್ಲಿ ಆ ಹಾಡು ಹಾಕಿಕೊಂಡು ತನ್ನ ಸಾಲುಗಳನ್ನು ತಪ್ಪಿಲ್ಲದೆ ಹಾಡುತ್ತಿದ್ದಳು. ಅವನೆದುರು ಅದೇನೋ ನಾಚಿಕೆ. ಇವತ್ತು ಹಾಡೋಣ, ನಾಳೆ ಹಾಡೋಣ ಎಂದುಕೊಂಡೇ ದಿನ ಕಳೆದಿದ್ದಳು.

*

ಹೊಲದಲ್ಲಿ ಗುಂಡಿ ತೋಡಿಯಾಗಿತ್ತು. ಆ ಮನೆತನದಲ್ಲಿ ಹೆಂಗಸರು ಹೆಣದ ಹಿಂದೆ ಅಂಗಳ ದಾಟಿ ಹೋಗುವ ಪದ್ಧತಿಯಿಲ್ಲ. ಚಟ್ಟಕ್ಕೆ ಹೆಗಲು ಕೊಡುವವರು ಟವೆಲು ಸುತ್ತಿಕೊಳ್ಳುತ್ತಿದ್ದರು. ಚಂದ್ರಕಲ ಆಗಲೂ ಅಳಲಿಲ್ಲ. ಮತ್ತೆ ದಿಲ್ಷಾದನ ಹತ್ತಿರ ಬಂದಳು.

"ಅಂಗ್ಳ ದಾಟುದ್ರೆ ಮುಗೀತು ಕಣಣ್ಣ," ಎಂದಳು. "ಅವ್ರು ನನ್ನಾಡ ಕೇಳ್ದೆನೇ ಒಂಟೋಯ್ತಾರೆ."

ದಿಲ್ಷಾದ್ ಅಂದಾನಯ್ಯನ ಕಡೆ ನೋಡಲಿಲ್ಲ. ನೋಡಿದ್ದರೆ ಧೈರ್ಯ ಸಾಲುತ್ತಿರಲಿಲ್ಲ. ಕೆಂಡದ ಹಾಡನ್ನು ಅರ್ಧಕ್ಕೇ ನಿಲ್ಲಿಸಿ ಇನ್ನೊಂದನ್ನು ಒತ್ತಿದ.

ಮೆಟ್ಟಿಲು ಬಹಳ ಇವೆ, ಕಾಲು ನೋಯುತ್ತಾ, ಕೂರುತ್ತೀಯಾ ಎಂದು ಕನಕರಾಜು ಮರದ ಮೇಲಿಂದ ಹಾಡಿ ಕೇಳಿದ. ಚಟ್ಟ ಎತ್ತಲು ಬಗ್ಗಿದ್ದವರು ಹಾಗೇ ನಿಂತರು. ಅಂದಾನಯ್ಯ ದುರುಗುಟ್ಟಿಕೊಂಡು ದಿಲ್ಷಾದನ ಕಡೆ ಬರತೊಡಗಿದ. ಅಷ್ಟರಲ್ಲಿ ಪ್ರಶ್ನೆ ಮುಗಿದು ಹಾರ್ಮೋನಿಯಂ ಒಂದೇ ಉಳಿಯಿತು.

ಚಂದ್ರಕಲ ಬಾಯಿ ತೆರೆದಳು.

"ನೀ ಮುಂದೆ ನಡಿ ನನ್ನ ದೊರೆಯೆ, ಹಿಂದಿಂದೆ ನಾ ಬತ್ತೀನಿ..."

ಪಾರ್ವತಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಸದ್ಯ, ಅತ್ಳು" ಎಂದಳು. ಹೆಂಗಸರೆಲ್ಲ ಗೊಳೋ ಎಂದು ದನಿಗೂಡಿಸಿದರು. ಅಳುವವಳನ್ನು ತಡೆಯಬಾರದೆಂದು ಅಂದಾನಯ್ಯನೂ ನಿಂತುಬಿಟ್ಟ. ಅದು ಅಳುವಲ್ಲ ಎಂದು ಗೊತ್ತಿದ್ದವನು ದಿಲ್ಷಾದ್ ಒಬ್ಬನೇ. ಅವನಿಗೆ ಕಣ್ಣು ತುಂಬಿ ಎದುರಿಗಿದ್ದ ಮೈಕ್‌ಸೆಟ್ಟಿನ ಗುಂಡಿಗಳು ಕಾಣಿಸಲಿಲ್ಲ.

ಅವಳ ಸಾಲು ಮುಗಿಯಿತು. ಮುಗಿದ ಕೂಡಲೇ, ಒಂದು ತಾಳವೂ ತಪ್ಪದಂತೆ, ಕನಕರಾಜು ಮುಂದಿನ ಪ್ರಶ್ನೆ ಕೇಳಿದ. ಚಂದ್ರಕಲ ಸೆರಗು ಸರಿಮಾಡಿಕೊಂಡು ಉಸಿರು ಎಳೆದುಕೊಂಡಳು.