ಹೆಚ್ಚಾದ ಬೆಳಕು

"ಇನ್ನೊಂದ್ಸಲ ಒರೆಸಿ ಹಾಕಮ್ಮ," ಎಂದರು ಮಾವ. ಸೊಸೆ ಫೈಬರ್ ಕೇಬಲ್ಲಿನ ತುದಿಯನ್ನು ಮತ್ತೆ ಒರೆಸಿ ರಿಸೀವರಿಗೆ ಸಿಕ್ಕಿಸಿದಳು. ಅದರ ದೀಪ ಕೆಂಪಗೇ ಉಳಿಯಿತು.

ರಸ್ತೆಯಾಚೆಯ ಸ್ಕ್ಯಾನಿಂಗ್ ಕಟ್ಟಡದಿಂದ ಆಸ್ಪತ್ರೆಗೆ ಕೇಬಲ್ ಎಳೆದಾಗಿತ್ತು. ಆಚೆ ತುದಿಯಲ್ಲಿ ಚಿತ್ರಗಳನ್ನು ಬೆಳಕಾಗಿಸಿ ಕಳಿಸುವ ಟ್ರಾನ್ಸ್‌ಮಿಟರ್, ಈಚೆ ಅದನ್ನು ಹಿಡಿಯುವ ರಿಸೀವರ್. ಅವಳ ಹೆಸರಿನಲ್ಲಿ ಒಪ್ಪಿಕೊಂಡ ಮೊದಲ ಕೆಲಸವಿದು. ಮಧ್ಯಾಹ್ನದೊಳಗೆ ಸ್ಕ್ಯಾನ್ ಚಿತ್ರಗಳು ಬರದಿದ್ದರೆ ಉಳಿದ ಕಟ್ಟಡಗಳ ಕೆಲಸ ಬೇರೆಯವರಿಗೆ ಎಂದು ಖಂಡತುಂಡವಾಗಿ ಹೇಳಿದ್ದ ಆಸ್ಪತ್ರೆಯ ಮ್ಯಾನೇಜರ್, ಈಗ ಬಾಗಿಲಲ್ಲೇ ಕೈಕಟ್ಟಿ ನಿಂತಿದ್ದರು.

ಮಗ ಮೂಗು ಮುರಿದ ಕಸುಬನ್ನು ಸೊಸೆ ತಾನಾಗಿ ಕೇಳಿ ಕಲಿತಿದ್ದಳು. ಮಾವನಿಗೆ ಅದೇನು ಹಿಗ್ಗು! ಅವಳಿಗೆ ಎಲ್ಲಿ ಕಷ್ಟವಾಗುತ್ತದೋ ಎಂದು ಎಂಬತ್ತು ಕಿಲೋಮೀಟರ್ ಆಚೆಗೆ ಬೆಳಕು ಮುಟ್ಟಿಸುವ ಟ್ರಾನ್ಸ್‌ಮಿಟರನ್ನು ತಾವೇ ಆರಿಸಿ ತಂದಿದ್ದರು. ಜೀವಮಾನವೆಲ್ಲ ಊರಿಂದೂರಿಗೆ ಕೇಬಲ್ ಎಳೆದು, ಬೆಳಕು ಸಾಲದೆ ಒದ್ದಾಡಿದವರು ಅವರು. ಈ ಸಲ ದಾಟಬೇಕಾದದ್ದು ಒಂದು ರಸ್ತೆ ಮಾತ್ರ.

"ಬೆಳಕು ಸಾಲ್ತಿಲ್ಲ. ಇದಕ್ಕಿಂತ ಜೋರಾದ್ದು ಅಂಗಡೀಲಿದೆ, ತರ್ತೀನಿ."

ಸೊಸೆ ಕೇಬಲ್ಲಿಗೆ ಬೆಳಕು ಅಳೆಯುವ ಮೀಟರ್ ಹಾಕಿ ನೋಡಿದಳು. ರಿಸೀವರಿಗೆ ಎರಡು ಮಿತಿಗಳಿರುತ್ತವೆ. ಬೆಳಕು ತೀರ ಕಡಿಮೆಯಾದರೆ ಅದಕ್ಕೆ ಕಾಣಿಸದು. ಅತಿಯಾದರೆ ಕಣ್ಣು ಕುಕ್ಕಿದಂತಾಗಿ ಏನೂ ತಿಳಿಯದು. ಮೀಟರಿನ ಅಂಕಿ ಮೇಲಿನ ಮಿತಿಯನ್ನು ದಾಟಿತ್ತು. ಕಲಿಸಿದವರಿಗೇ, ಅದೂ ಹೊರಗಿನವರೆದುರು, ತಪ್ಪು ಎನ್ನುವುದು ಹೇಗೆ? ಬಾಯಿ ಮುಚ್ಚಿಕೊಂಡಿದ್ದರೆ ಕೆಲಸವೂ ಹೋಗುತ್ತದೆ, ಇನ್ನಷ್ಟು ಬೆಳಕಿಗೆ ರಿಸೀವರೂ ಸುಟ್ಟುಹೋಗುತ್ತದೆ. ಮಾವ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

"ಮಾವ, ನಿಲ್ಲಿ. ಬೆಳಕು ಜಾಸ್ತಿಯಾಗಿದೆ."

"ಬೆಳಕು ಜಾಸ್ತಿಯಾಗೋದೂ ಉಂಟಾ? ಹುಡುಗಾಟ ಆಡ್ಬೇಡ."

ಅವಳು ಕೇಬಲ್ಲನ್ನು ಮತ್ತೆ ರಿಸೀವರಿಗೆ ಸಿಕ್ಕಿಸಿ, ಜೇಬಿನ ಪೆನ್ಸಿಲಿಗೆ ಅದನ್ನು ಬಿಗಿಯಾಗಿ ಸುತ್ತತೊಡಗಿದಳು. ಕೇಬಲ್ ಬಾಗಿದಲ್ಲಿ ಬೆಳಕು ಸೋರುತ್ತದೆ, ಬಗ್ಗಿಸಲೇಬಾರದು ಎಂದು ಕಲಿಸಿದ್ದವರು ಇದೇ ಮಾವ.

"ಏಯ್, ಏನ್ಮಾಡ್ತಿದ್ದೀಯ!" ಎಂದು ಅವರು ಧಾವಿಸಿ ಬಂದರು.

ಅವಳು ಇನ್ನೊಂದು ಸುತ್ತು ಸುತ್ತಿದಳು. ದೀಪ ಹಸಿರಾಯಿತು.

ಒಳಗಿನಿಂದ ಯಾರೋ "ಬಂತು, ಚಿತ್ರ ಬಂತು!" ಎಂದು ಕೂಗಿದರು. ಮ್ಯಾನೇಜರ್ ಕಟ್ಟಿದ ಕೈ ಬಿಚ್ಚಿ ಅತ್ತ ಓಡಿದರು. ಮಾವ ಪೆನ್ಸಿಲನ್ನೇ ನೋಡುತ್ತ ನಿಂತರು.

"ನಾನೇ ಕೆಡಿಸ್ತಿದ್ನಲ್ಲಮ್ಮ," ಎಂದರು ಮೆಲ್ಲಗೆ.

"ನಂಗೋಸ್ಕರ ತಾನೇ ಮಾವ, ತಂದಿದ್ದು?"

"ಅದೇ ಮತ್ತೆ." ಅವರು ಮುಖ ಒರೆಸಿಕೊಂಡರು. "ಹಾಗಂತ ಪೆನ್ಸಿಲ್ ನಂಬಿ ಆಸ್ಪತ್ರೆ ನಡೆಸೋಕಾಗುತ್ತಾ? ನಡಿ, ಕಡಿಮೆ ಬೆಳಕಿನ ಟ್ರಾನ್ಸ್‌ಮಿಟರ್ ಒಂದು ತರೋಣ. ನೀನೇ ಆರಿಸು."

ಕೆಳಗೆ ವ್ಯಾನಿನ ಬಳಿ ಅವರು ಬೀಗದ ಕೈಯನ್ನು ಅವಳ ಅಂಗೈಯಲ್ಲಿಟ್ಟು, ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕುಳಿತರು. ಆ ವ್ಯಾನನ್ನು ಈವರೆಗೆ ಮಗನಿಗೂ ಮುಟ್ಟಗೊಟ್ಟವರಲ್ಲ. ತಿರುವಿನಲ್ಲಿ ಅವಳು ತುಸು ವೇಗವಾಗಿಯೇ ತಿರುಗಿಸಿದಳು. ಮಾವನ ಕಾಲು ಅಲ್ಲಿಲ್ಲದ ಬ್ರೇಕನ್ನು ಬಲವಾಗಿ ಒತ್ತಿತು. ಆದರೆ ಅವರ ಕೈಗಳು ತೊಡೆಯ ಮೇಲೇ ಉಳಿದವು.