ತುಂಬಿದ ಕೆನ್ನೆ

ತನ್ನ ಕೆನ್ನೆ ಇಷ್ಟು ತುಂಬಿಕೊಂಡಿರುವುದೇ ಒಂದು ಸುಳ್ಳೇನೋ ಎಂಬ ಅಳುಕು ಸಿಂಚನಳಿಗೆ ಬಹಳ ದಿನದಿಂದ ಇತ್ತು. ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ಗೆಳತಿ ಶೃತಿಯ ಸೀಮಂತಕ್ಕೆಂದು ಅವಳು ತುಮಕೂರಿನಿಂದ ಗುಬ್ಬಿಗೆ ಬಂದಿದ್ದಳು. ತಟ್ಟೆಯಲ್ಲಿ ಹಸಿರು ಬಳೆಗಳು ಹಾಗೇ ಇದ್ದವು. ತೊಡಿಸಲು ಯಾರೂ ಏಳಲಿಲ್ಲ. ವಾಂತಿ ಮಾಡಿ ಮಾಡಿ ಶೃತಿ ಕಡ್ಡಿಯಂತಾಗಿದ್ದಳು. ಗಂಡ ಲಾರಿ ಡ್ರೈವರ್. ಆಡಿಕೊಳ್ಳುವವರಿಗೆ ಅಷ್ಟು ಸಾಕಾಗಿತ್ತು.

"ಲಾರಿಯೋನು ಏಡ್ಸ್ ತಂದವ್ನೆ ಕಣೇ, ಇವಳ ಮೈ ನೋಡಿದ್ರೆ ಗೊತ್ತಾಗಲ್ವಾ? ಕೈ ಹಿಡ್ಕೊಂಡ್ರೆ ನಮ್ಗೂ ಅಂಟ್ಕತದೆ," ಎಂದು ಶೃತಿಯ ಗಂಡನ ದೊಡ್ಡಮ್ಮ ಮಹಾಲಕ್ಷ್ಮಮ್ಮ ಪಕ್ಕದವರಿಗೆ ಪಿಸುಗುಟ್ಟಿದರು, ಎಲ್ಲರಿಗೂ ಕೇಳುವ ಹಾಗೆ. ಆಮೇಲೆ ಸಿಂಚನಳ ಗಲ್ಲ ಹಿಡಿದು, "ಆರೋಗ್ಯ ಅಂದ್ರೆ ಹಿಂಗಿರ್ಬೇಕು ನೋಡ್ರೇ," ಎಂದು ನಕ್ಕರು.

ಬಳೆಗೆಂದು ಚಾಚಿದ್ದ ಕೈಯನ್ನು ಶೃತಿ ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

ಅದನ್ನು ಕಂಡು ಸಿಂಚನಳಿಗೆ ಮೈಯುರಿದುಹೋಯಿತು. ನಾಲ್ಕು ಜನರ ಮುಂದೆ ಬಾಯಿ ಬಿಡದವಳು ಎದ್ದು ಹೋಗಿ, ಆ ಕೈಯನ್ನು ಹೊರಗೆಳೆದು ಬಳೆ ತೊಡಿಸತೊಡಗಿದಳು.

"ಹುಷಾರು ಕಣಮ್ಮ, ಮದ್ವೆ ಆಗ್ಬೇಕಾದೋಳು ನೀನು," ಎಂದರು ಮಹಾಲಕ್ಷ್ಮಮ್ಮ.

ಸಿಂಚನ ಕೊನೆಯ ಬಳೆ ಏರಿಸಿಯೇ ತಿರುಗಿದಳು.

"ಮುಟ್ಟಿದ್ರೆ ಅಂಟಲ್ಲ ಅಮ್ಮಾ, ಮೈ ನೋಡಿದ್ರೆ ಗೊತ್ತೂ ಆಗಲ್ಲ. ಹುಟ್ಟುವಾಗ್ಲೇ ನಮ್ಮಮ್ಮನಿಂದ ಬಂದಿದ್ದು, ದಿನಾ ಮಾತ್ರೆ ತಗೊಂಡು ಚೆನ್ನಾಗಿದೀನಿ. ಈಗ ಗಲ್ಲ ಹಿಡಿದ್ರಲ್ಲ, ನಂಗಿದೆ ಎಚ್ಐವಿ."