ಪಟ್ಟಿ ಅಂಟಿಸಿದ ಗಂಟೆಯಣ್ಣ

ಕಾಲೇಜಿನ ಗಂಟೆ ಹೊಡೆಯುವ ಜವಾನನನ್ನು ಎಲ್ಲರೂ ಗಂಟೆಯಣ್ಣ ಎಂದೇ ಕರೆಯುತ್ತಿದ್ದರು. ಅವನು ಗುಟ್ಟಾಗಿ ಪದವಿ ಪರೀಕ್ಷೆ ಕಟ್ಟಿದ್ದ. ಫೇಲಾದರೆ ಇಲ್ಲಿಯವರು ಆಡಿಕೊಂಡು ನಕ್ಕಾರೆಂದು ಪಕ್ಕದೂರಿನ ಕಾಲೇಜಿಗೆ ದೂರಶಿಕ್ಷಣದಲ್ಲಿ ಸೇರಿದ್ದ. ಸುತ್ತಲಿನ ಆರು ಸರ್ಕಾರಿ ಕಾಲೇಜುಗಳಿಗೂ ಪೋರ್ಟಲ್ ಒಂದೇ, ಫಲಿತಾಂಶವೂ ಒಂದೇ ಪಟ್ಟಿಯಲ್ಲಿ ಬರುತ್ತದೆ ಎಂಬುದು ಮಾತ್ರ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ.

"ಆರೂ ಕಾಲೇಜಿನ ರಿಸಲ್ಟು ಬಂತು, ಬೋರ್ಡಿಗೆ ಅಂಟಿಸಪ್ಪ," ಎಂದು ಕ್ಲರ್ಕಮ್ಮ ಹಾಳೆ ಚಾಚಿದಳು.

ಅಂಟು ಸವರುತ್ತಲೇ ಅವನು ಪಟ್ಟಿಯನ್ನು ಕೆಳಗಿನಿಂದ ಓದತೊಡಗಿದ. ಫೇಲಾದವರಲ್ಲಿ ಅವನಿಲ್ಲ. ಪಾಸಾದವರಲ್ಲೂ ಕಾಣಲಿಲ್ಲ. ಕೊನೆಗೆ ಕಣ್ಣು ಮೊದಲ ಸಾಲಿಗೆ ಹೋಗಿ ಅಲ್ಲೇ ನಿಂತಿತು.

ಅಷ್ಟರಲ್ಲಿ ಹುಡುಗಿಯರು ಮುತ್ತಿಕೊಂಡರು.

"ಆರೂ ಕಾಲೇಜಿಗೆ ಫಸ್ಟ್ ಬಂದಿರೋದು ಯಾರೇ ಇದು? ಹೆಸರೇ ಕೇಳಿಲ್ಲ!"

"ಯಾವುದೋ ಪುಸ್ತಕದ ಹುಳ ಇರ್ಬೇಕು ಬಿಡೇ."

"ಹುಳ ಅಲ್ಲ ಕಣ್ರಮ್ಮಾ," ಎಂದ ಅವನು, ಕೈಗಂಟಿದ ಅಂಟನ್ನು ಒರೆಸಿಕೊಳ್ಳುತ್ತಾ. "ನಿಮ್ ಗಂಟೆಯಣ್ಣ."

ಯಾರೂ ನಂಬಲಿಲ್ಲ. ಕ್ಲರ್ಕಮ್ಮ ಸಿಬ್ಬಂದಿಯ ಹಾಜರಿ ಪುಸ್ತಕ ತಂದು ಹೆಸರು ತಾಳೆ ನೋಡಿ, "ಅಯ್ಯೋ, ಇವನೇ ಕಣ್ರೇ!" ಎಂದು ಕೂಗಿದಳು.

ಗದ್ದಲ ಕೇಳಿ ಪ್ರಿನ್ಸಿಪಾಲರು ಹೊರಬಂದರು. ವಿಷಯ ತಿಳಿದವರೇ ಕೈ ಚಾಚಿದರು.

"ಸುತ್ತಿಗೆ ಇಲ್ಲಿ ಕೊಡಿ ಯಜಮಾನ್ರೇ. ಇವತ್ತಿನ ಗಂಟೆ ನಾನು ಹೊಡೀತೀನಿ."